ವಿಮಾನಕ್ಕೆ ಉಡಿ ತುಂಬಿದ್ದು

ನಮ್ಮ ಕಂಪನಿಗೆ ಇಪ್ಪತ್ತು ವರ್ಷ ತುಂಬಿತೆಂದು ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಹೊಳೆಯುವ ಕಾಗದ, ಮೇಲೆ ಮೋಡದಲ್ಲಿ ಹಾರುವ ವಿಮಾನ, ಒಳಗೆ ಕಂಪನಿ ನಡೆದು ಬಂದ ದಾರಿ ಅಂತ ಆರು ಪುಟದ ಇತಿಹಾಸ. ಎರಡನೆಯ ಪುಟದ ಕೊನೆಗೆ, ಮೊದಮೊದಲು ಗುಣಮಟ್ಟದ ಸಣ್ಣಪುಟ್ಟ ತೊಂದರೆಗಳಿದ್ದವು, ಅವನ್ನು ನಿವಾರಿಸಿಕೊಂಡೆವು ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದಾರೆ. ಓದಿ ನನಗೆ ಮೈ ಉರಿಯಿತು. ಆ ಸಣ್ಣಪುಟ್ಟ ತೊಂದರೆ ಅಂದರೆ ಐದು ಬೊಗಸೆ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಐದು ಅರಿಶಿನದ ಕೊಂಬು, ಐದು ಉತ್ತತ್ತಿ, ಐದು ಅಡಿಕೆ ಮತ್ತು ಒಂದು ಕುಪ್ಪಸದ ಖಣ. ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಬರೆದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು. ಗೊತ್ತಿದ್ದವಳು ನಾನಿದ್ದೇನೆ, ಹೇಳುತ್ತೇನೆ.

ಕಂಪನಿ ಕಟ್ಟಿದ ಸಾಹೇಬರು ಅಫಜಲಪುರ ತಾಲ್ಲೂಕಿನ ಕರಜಗಿಯವರು. ಬೆಂಗಳೂರಿನ ಕಡೆ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು, ಎಪ್ಪತ್ತರ ದಶಕದ ಕೊನೆಗೆ ಊರಿಗೆ ಬಂದರು. ಇನ್ನು ಕಬ್ಬು ನೋಡಿಕೊಂಡು ಇರುತ್ತಾರೆ ಅಂತ ಮನೆಯವರು ಅಂದುಕೊಂಡರೆ, ಇವರು ಆಳಂದದಲ್ಲಿ ಮುಚ್ಚಿ ಬಿದ್ದಿದ್ದ ಶೇಂಗಾ ಎಣ್ಣೆಯ ಮಿಲ್ಲು ಹಿಡಿದು, ಗೋಡೆಗೆ ಸುಣ್ಣ ಬಳಿಸಿ, ವಿಮಾನದ ಬಿಡಿಭಾಗ ಮತ್ತು ಎಲೆಕ್ಟ್ರಾನಿಕ್ಸ್ ತಯಾರಿಕೆ ಎಂದು ಬೋರ್ಡು ಏರಿಸಿದರು. ಒಂದು ವಾರ ಊರಿಗೆ ಊರೇ ನೋಡಲು ಬಂತು. ರೆಕ್ಕೆ ಎಲ್ಲಿವೆ ಅಂತ ಕೇಳಿತು. ರೆಕ್ಕೆ ಬೇರೆ ಕಡೆ ಆಗ್ತಾವ, ಇಲ್ಲಿ ಒಳಗಿನ ವೈರಿನ ಕಟ್ಟು, ದೀಪದ ಡಬ್ಬಿ ಮಾತ್ರ ಅಂದರೆ ಯಾರಿಗೂ ಸಮಾಧಾನವಿಲ್ಲ. ಒಬ್ಬ ಮುದುಕರು ಗೇಟಿನ ಹತ್ತಿರ ನಿಂತು, "ಸೊಲ್ಲಾಪುರಕ್ಕ ಎಷ್ಟ್ ತಗೋತೀರಿ?" ಎಂದು ಕೇಳಿ, ಉತ್ತರ ಬರದಿದ್ದಕ್ಕೆ ಸಿಟ್ಟಾಗಿ ಹೋದರು. ಬಸ್ಸಿನ ಕಂಡಕ್ಟರು "ವಿಮಾನ ಮಿಲ್ಲಿನವ್ರು ಇಳೀರಿ" ಎಂದು ಕೂಗತೊಡಗಿದ ಮೇಲೆ ಬೋರ್ಡಿನ ಮೇಲಿನ ಹೆಸರು ಯಾರಿಗೂ ಬೇಕಾಗಲಿಲ್ಲ.

ಕೆಲಸ ಏನೆಂದರೆ, ವಿಮಾನದ ಹೊಟ್ಟೆಯೊಳಗೆ ನೂರಾರು ವೈರು ಓಡಾಡುತ್ತವೆ. ಅವು ಬಿಡಿಬಿಡಿಯಾಗಿ ಅಲ್ಲಾಡಬಾರದು. ಹಲಗೆಗೆ ಮೊಳೆ ಹೊಡೆದು, ನಕ್ಷೆಯ ಪ್ರಕಾರ ಮೊಳೆಗಳ ನಡುವೆ ವೈರು ಹಾಯಿಸಿ, ಮೇಣದ ದಾರದಿಂದ ಎರಡು ಬೆರಳಿಗೊಂದು ಗಂಟು ಹಾಕಿ ಬಿಗಿಯಬೇಕು. ಬಿಗಿ ಹೆಚ್ಚಾದರೆ ವೈರಿನ ಮೈ ಕೊಯ್ಯುತ್ತದೆ, ಕಡಿಮೆಯಾದರೆ ಜಾರುತ್ತದೆ. ಸಾಹೇಬರು ಮೊದಲು ಐಟಿಐ ಕಲಿತ ಗಂಡಸರನ್ನು ಇಟ್ಟುಕೊಂಡರು. ಅವರು ಮೊಣಕಾಲು ಊರಿ, ಹಲ್ಲು ಕಚ್ಚಿ, ಜೋಳದ ಸೂಡು ಬಿಗಿದ ಹಾಗೆ ಬಿಗಿದರು. ಮಾದರಿಗೆ ಕಳಿಸಿದ ಮೂರೂ ಕಟ್ಟು ತಿರುಗಿ ಬಂದವು.

ಅಂಥ ಹೊತ್ತಿನಲ್ಲಿ ಸಾಹೇಬರು ಹಿರೋಳ್ಳಿಗೆ ಒಂದು ಮದುವೆಗೆ ಹೋಗಿ ನಮ್ಮ ಅತ್ತೆಯ ಮನೆಯಲ್ಲಿ ಉಳಿದರು. ಅತ್ತೆ ಅಂದರೆ ನಮ್ಮಪ್ಪನ ತಂಗಿ. ಬೆಳಿಗ್ಗೆ ಚಹಾ ಕೊಡಲು ಹೋದರೆ ಸಾಹೇಬರು ಹೊದ್ದಿದ್ದ ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಜೇಬಿನಿಂದ ಸ್ಕೇಲು ತೆಗೆದು ಬಹಳ ಹುಷಾರಾಗಿ ನೋಡುತ್ತಿದ್ದರಂತೆ. ಅತ್ತೆಗೆ ಜೀವ ಹೋದಂತಾಯಿತು.

"ನಮ್ಮ ಕೌದ್ಯಾಗ ತಗಣಿ ಇಲ್ರಿ ಸಾಹೇಬ್ರ. ಮೊನ್ನೆ ಬಿಸಲಿಗಿ ಹಾಕೀನಿ."

"ತಗಣಿ ಅಲ್ರಿ ಅಕ್ಕಾರ, ಹೊಲಿಗಿ ನೋಡಾಕತ್ತೇನಿ. ಎಲ್ಲಾ ಒಂದೇ ಅಳತಿ ಅದಾವ. ಯಾರು ಹಾಕಿದ್ದಿವು?"

"ನಾನೇ ಹಾಕಿದ್ರಿ. ಅದಕೇನ ಅಳತಿ ಇರ್ತದ?"

ಮುಂದಿನ ತಿಂಗಳು ಅತ್ತೆ ವಿಮಾನ ಮಿಲ್ಲಿನ ನೌಕರಿಗೆ ಸೇರಿದಳು. ಅಕ್ಷರ ಒಂದೂ ಗೊತ್ತಿಲ್ಲ. ವಿಮಾನವನ್ನು ಹೊಲದಲ್ಲಿ ನಿಂತು ಮೇಲೆ ನೋಡಿದ್ದಳು, ಅಷ್ಟೇ. ಆಕೆಯ ಹಿಂದೆ ಕೌದಿ ಹೊಲಿಯುವ ಹೆಂಗಸರು ಒಬ್ಬೊಬ್ಬರಾಗಿ ಬಂದು ನಲವತ್ತು ಜನರಾದರು. ವೈರಿನ ಮೇಲಿನ ನಂಬರು ಓದಲು, ಚೀಟಿ ಬರೆಯಲು ಒಬ್ಬಳು ಕಲಿತವಳು ಬೇಕಾಗಿತ್ತು. ಮಾದನಹಿಪ್ಪರಗಾದ ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಕಣ್ಣು ನೆತ್ತಿಗೇರಿಸಿಕೊಂಡು ಮನೆಯಲ್ಲಿ ಕೂತಿದ್ದೆ. ಅತ್ತೆಯೇ ಸಾಹೇಬರಿಗೆ ಹೇಳಿ ನನ್ನನ್ನು ಸೇರಿಸಿದಳು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ಅದನ್ನು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಶೆಡ್ಡಿನ ನಿಯಮಗಳನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದವಳೂ ನಾನೇ. ಧೂಳು ಇರಬಾರದು, ಕೂದಲು ಬೀಳಬಾರದು, ಹೊರಗಿನ ವಸ್ತು ಒಳಗೆ ಸೇರಬಾರದು, ಗಾಜಿನ ಬಳೆ ತೊಡಬಾರದು. ಬಳೆಯ ನಿಯಮ ಓದಿ ಹೇಳಿದ ದಿನ ನಲವತ್ತು ಜನ ಎದ್ದು ಮನೆಗೆ ಹೊರಟರು. "ಗಂಡ ಜೀವಂತ ಇದ್ದಾಗ ಬಳಿ ತಗಿ ಅಂತೀರೇನ್ರಿ?" ಸಾಹೇಬರು ಗೇಟಿನವರೆಗೆ ಹಿಂದೆ ಓಡಿದರು. ಕೊನೆಗೆ ಹಳೆಯ ಸೀರೆಯಿಂದ ಮೊಣಕೈ ತನಕ ತೋಳು ಹೊಲಿದು, ಬಳೆಯ ಮೇಲೆ ಕಟ್ಟಿಕೊಂಡು ಕೆಲಸ ಮಾಡುವುದೆಂದು ರಾಜಿಯಾಯಿತು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಒಣಗಿದ ಮೇಲೆ ಒಳಗೆ ಬರುವುದೆಂದೂ ಆಯಿತು. ಹೀಗೆ ಎಲ್ಲದಕ್ಕೂ ಒಂದು ದಾರಿ ಸಿಗುತ್ತಿತ್ತು, ಆದ್ದರಿಂದ ನಿಯಮ ಅಂದರೆ ಮಾತಾಡಿ ಸರಿಮಾಡಿಕೊಳ್ಳುವಂಥದ್ದು ಅಂತ ನಾವು ತಿಳಿದುಕೊಂಡೆವು.

ಅತ್ತೆ ಕಟ್ಟಿದ ಮಾದರಿ ಪಾಸಾಯಿತು. ಬೆಂಗಳೂರಿನ ಕಾರ್ಖಾನೆಯಿಂದ ಇಪ್ಪತ್ತು ಕಟ್ಟಿನ ಮೊದಲ ದೊಡ್ಡ ಆರ್ಡರು ಬಂತು. ಮೂರು ತಿಂಗಳು ಕೂತು ಕಟ್ಟಿದೆವು, ಒಂದೊಂದು ಗಂಟಿನ ಮೇಲೂ ಅತ್ತೆಯ ಬೆರಳು ಹಾಯುತ್ತಿತ್ತು. ಪೆಟ್ಟಿಗೆ ತುಂಬುವ ದಿನ ಸಾಹೇಬರು ರೈಲಿನ ವ್ಯವಸ್ಥೆಗೆಂದು ಕಲಬುರ್ಗಿಗೆ ಹೋಗಿದ್ದರು. ಕಟ್ಟಿಗೆಯ ಪೆಟ್ಟಿಗೆ, ಒಳಗೆ ಮೆತ್ತನೆಯ ಬಟ್ಟೆ, ಅದರ ಮೇಲೆ ಇಪ್ಪತ್ತು ಕಟ್ಟು ಸಾಲಾಗಿ ಮಲಗಿದ್ದವು. ಅತ್ತೆ ಅವನ್ನು ನೋಡುತ್ತ ನಿಂತುಬಿಟ್ಟಳು.

"ಮೂರು ತಿಂಗಳು ನಮ್ಮ ಕೈಯಾಗ ಬೆಳದಾವು. ಬರೀ ಉಡಿಲೆ ಹ್ಯಾಂಗ ಕಳಸೂದು?"

ನಮ್ಮ ಕಡೆ ಹೆಣ್ಣುಮಗಳು ತವರುಮನೆಯಿಂದ ಹೊರಡುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನ ತುಂಬಿ ಕಳಿಸದಿದ್ದರೆ ಆ ಮನೆಯ ಮರ್ಯಾದೆ ಉಳಿಯುವುದಿಲ್ಲ. ಈ ಮಾತಿಗೆ ಯಾರೂ ಎದುರಾಡಲಿಲ್ಲ. ಸ್ಟೋರ್‌ಕೀಪರ ಮಾತ್ರ, ಜೇವರ್ಗಿಯವನು, ಪಟ್ಟಿ ಹಿಡಿದು ಬಂದ.

"ಅತ್ತಿ, ಲಿಸ್ಟಿನ್ಯಾಗ ಅಕ್ಕಿ ಇಲ್ಲಲ್ರಿ."

"ಲಗ್ನದ ಲಿಸ್ಟಿನ್ಯಾಗ ಉಡಿ ಅಕ್ಕಿ ಯಾರು ಬರೀತಾರಪಾ?"

ಅವನು ಹೌದಲ್ಲ ಅನ್ನುವಂತೆ ಪಟ್ಟಿ ಮಡಚಿಟ್ಟುಕೊಂಡ. ಐದು ಜನ ಮುತ್ತೈದೆಯರು ಒಬ್ಬೊಬ್ಬರು ಒಂದೊಂದು ಬೊಗಸೆ ಅಕ್ಕಿಯನ್ನು ಕುಪ್ಪಸದ ಖಣದಲ್ಲಿ ಹಾಕಿದರು. ತವರಿಗೆ ಇರಲೆಂದು ಐದು ಕಾಳು ತಿರುಗಿ ತೆಗೆದುಕೊಂಡರು. ಸೋಬಾನ ಹಾಡಿದರು. ಅತ್ತೆ ಖಣ ಕಟ್ಟಲು ಬಗ್ಗಿದಾಗ ನಾನು ಕೈ ಹಿಡಿದೆ. "ಗಂಟ ನಾ ಹಾಕ್ತೇನಿ, ಬಿಡು ಅತ್ತಿ. ನಿನಗಷ್ಟೇ ಬರ್ತದೇನು?" ಮದುವೆಯಾಗದ ನಾನು ಅಕ್ಕಿ ಹಾಕುವಂತಿರಲಿಲ್ಲ, ಒಂದು ಗಂಟಾದರೂ ನನ್ನದಿರಲಿ ಅಂತ ಹಟ. ಹಾಕಿದೆ. ಗಂಟನ್ನು ವೈರುಗಳ ನಡುವೆ ಇಟ್ಟು ಮುಚ್ಚಿದೆವು. ಪಟ್ಟಿಯಲ್ಲಿಲ್ಲದ ಯಾವ ವಸ್ತುವೂ ಒಳಗಿಲ್ಲ ಎಂಬ ಚೀಟಿಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ನಾನೇ ಸಹಿ ಮಾಡಿದೆ. ಗೋಡೆಯ ಮೇಲಿನ ನಿಯಮ ನನ್ನ ಬೆನ್ನ ಹಿಂದೆಯೇ ಇತ್ತು. ಗೊತ್ತಿರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ.

ಹತ್ತು ದಿನದ ಮೇಲೆ ತಂತಿ ಬಂತು. ಪೆಟ್ಟಿಗೆಯಲ್ಲಿ ಧಾನ್ಯ, ಕೆಲಸ ನಿಲ್ಲಿಸಿ, ಬರುತ್ತಿದ್ದೇನೆ. ಸಾಹೇಬರು ಅದನ್ನು ಮೂರು ಸಲ ಓದಿ, ಇದು ನಮ್ಮದಲ್ಲ, ಗಂಜಿನಲ್ಲಿ ಧಾನ್ಯ ಮಾರುವ ಅಡತ ಅಂಗಡಿಗೆ ಬಂದದ್ದು ತಪ್ಪಿ ಇಲ್ಲಿ ಕೊಟ್ಟಿದ್ದಾರೆ ಎಂದು ಅಲ್ಲಿಗೆ ಕಳಿಸಿಬಿಟ್ಟರು. ಅಡತದ ಶೆಟ್ಟರು ಓದಿದ ಕೂಡಲೇ ಯಾರೋ ದಾಳಿಗೆ ಬರುತ್ತಿದ್ದಾರೆಂದು ಅಂಗಡಿಗೆ ಬೀಗ ಹಾಕಿ, ಅಕ್ಕಲಕೋಟದ ಬೀಗರ ಮನೆ ಸೇರಿ ನಾಲ್ಕು ದಿನ ಬರಲಿಲ್ಲ. ದಾಳಿಗೆ ಬಂದದ್ದು ಮಾತ್ರ ನಮ್ಮಲ್ಲಿಗೆ.

ತಪಾಸಣೆಯ ಅಧಿಕಾರಿ ಮೈಸೂರು ಕಡೆಯವರು. ಇಸ್ತ್ರಿ ಮುರಿಯದ ಪ್ಯಾಂಟು, ಎಣಿಸಿ ಆಡುವ ಮಾತು. ಪೆಟ್ಟಿಗೆಯನ್ನು ತಮ್ಮ ಜೊತೆಗೇ ತಂದಿದ್ದರು. ಮುಚ್ಚಳ ತೆಗೆದರೆ ಖಣ ಬಿಚ್ಚಿಕೊಂಡು ಬಿದ್ದಿತ್ತು. ವೈರಿನ ಸಂದಿ, ಪ್ಲಗ್ಗಿನ ತೂತು, ಪಿನ್ನಿನ ನಡುವೆ ಎಲ್ಲ ಅಕ್ಕಿ. ಅರಿಶಿನ ಹತ್ತಿ ಬಿಳಿ ವೈರುಗಳಿಗೆ ಮದುವೆಯ ಕಳೆ ಬಂದಿತ್ತು.

"ಇದನ್ನ ಕಟ್ಟಿದ್ದು ಯಾರು?" ಎಂದು ಖಣದ ತುದಿ ಎತ್ತಿ ಹಿಡಿದರು.

ಬಿಚ್ಚಿದ್ದರೂ ಬಟ್ಟೆಯಲ್ಲಿ ಗಂಟಿನ ಸುಕ್ಕು ಉಳಿದಿತ್ತು. ಅತ್ತೆ ಆ ಸುಕ್ಕನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಕೆಯ ಗಂಟಾಗಿದ್ದರೆ ಬೆಂಗಳೂರಲ್ಲ, ಕಾಶಿಗೆ ಹೋಗಿ ಬಂದರೂ ಒಂದು ಕಾಳು ಉದುರುತ್ತಿರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡಳು, ನಾನು ನೆಲದ ಮೇಲಿನ ಕಾಳು ಆರಿಸತೊಡಗಿದೆ.

ಅಧಿಕಾರಿಗಳು ನೋಟ್‌ಬುಕ್ಕು ತೆಗೆದರು. ವಿಮಾನದ ಕೆಲಸದಲ್ಲಿ ಒಂದು ಸೂಜಿ ಒಳಗೆ ಹೋದರೂ ಹೊರಗೆ ಬಂದದ್ದಕ್ಕೆ ಲೆಕ್ಕವಿರಬೇಕು, ಅಕ್ಕಿಗೂ ಅದೇ ನಿಯಮ ಎಂದರು.

"ಒಳಗೆ ಎಷ್ಟು ಕಾಳು ಹಾಕಿದ್ರಿ?"

"ಐದು ಬೊಗಸಿರಿ," ಎಂದಳು ಅತ್ತೆ.

"ಬೊಗಸೆ ಅಂದ್ರೆ ಎಷ್ಟು ಕಾಳು?"

"ಉಡಿ ಅಕ್ಕಿ ಎಣಿಸಿ ಹಾಕಿದ್ರ ಬೀಗರು ನಗ್ತಾರ್ರಿ."

ಅವರು ಬಿಡಲಿಲ್ಲ. ಸಂತೆಯಿಂದ ಅಕ್ಕಿ ತರಿಸಿ, ಅದೇ ಐವರು ಹೆಂಗಸರಿಂದ ಮತ್ತೆ ಬೊಗಸೆ ತುಂಬಿಸಿ ಎಣಿಸಲು ಕೂಡಿಸಿದರು. ನಲವತ್ತು ಜನ ನಲವತ್ತು ಮೊರ ಹಿಡಿದು, ವಿಮಾನದ ಕಾರ್ಖಾನೆಯಲ್ಲಿ ಇಡೀ ದಿನ ಆ ಅಕ್ಕಿಯನ್ನೂ ಪೆಟ್ಟಿಗೆಯಿಂದ ಕೊಡವಿದ ಅಕ್ಕಿಯನ್ನೂ ಎಣಿಸಿದೆವು. ಅಧಿಕಾರಿ ಎದುರು ನಿಂತರೆ ಬೊಗಸೆ ಸಣ್ಣದಾಗುತ್ತಿತ್ತು, ಆಚೆ ಹೋದರೆ ದೊಡ್ಡದಾಗುತ್ತಿತ್ತು. ಒಬ್ಬಳು ಎಣಿಸುತ್ತ ಎಣಿಸುತ್ತ ಹರಳು ಆರಿಸಿ ಎಸೆದುಬಿಟ್ಟಳು. ತವರಿಗೆ ತೆಗೆದ ಐದು ಕಾಳಿನ ಸಂಗತಿ ಗೊತ್ತಾಗಿ ಅವರು ಬಹಳ ಗಂಭೀರವಾಗಿ ಐದನ್ನು ಕಳೆದು ಬರೆದುಕೊಂಡರು. ಸಂಜೆ ಕೂಡಿಸಿ ನೋಡಿದರೆ ಹೋದದ್ದಕ್ಕಿಂತ ಬಂದದ್ದೇ ಹೆಚ್ಚಾಗಿತ್ತು.

ನಮಗೆ ನಗು ತಡೆಯಲಾಗಲಿಲ್ಲ. ಅಧಿಕಾರಿಗಳು ನಗಲಿಲ್ಲ, ಬೈಯಲೂ ಇಲ್ಲ. ಒಂದು ಪ್ಲಗ್ಗು ಕೈಯಲ್ಲಿ ಹಿಡಿದು ನಿಧಾನವಾಗಿ ಹೇಳಿದರು.

"ಇದು ಹಾರೋದು ಕಲಿಯೋ ಹುಡುಗರ ವಿಮಾನ. ಇಪ್ಪತ್ತು ವರ್ಷದವನು ಒಬ್ಬನೇ ಕೂತಿರ್ತಾನೆ. ಒಂದು ಕಾಳು ಇಲ್ಲಿ ಸಿಕ್ಕಿಕೊಂಡ್ರೆ ಅವನ ಮುಂದಿನ ದೀಪ ಹತ್ತಲ್ಲ. ಏನಾಯ್ತು ಅಂತ ಅವನಿಗೆ ಗೊತ್ತೂ ಆಗಲ್ಲ."

ಮೊರಗಳು ಕೆಳಗಿಳಿದವು. ಅಷ್ಟು ದಿನ ವೈರು, ದಾರ, ಗಂಟು ಅಂತ ಇದ್ದ ನಮಗೆ ವಿಮಾನದೊಳಗೆ ಮನುಷ್ಯ ಕೂತಿರುತ್ತಾನೆ ಎಂಬುದು ಹೊಳೆದೇ ಇರಲಿಲ್ಲ.

"ಇದನ್ನ ಮೊದಲ ಹೇಳಬೇಕಿತ್ತಲ್ರಿ, ಒಳಗ ಹುಡುಗ ಕೂಡ್ತಾನಂತ," ಎಂದಳು ಅತ್ತೆ.

ಆಮೇಲೆ ಎಂಟು ದಿನ ಇಪ್ಪತ್ತೂ ಕಟ್ಟುಗಳ ಒಂದೊಂದು ಪ್ಲಗ್ಗು ಬಿಚ್ಚಿದೆವು. ಬ್ರಶ್ಶು ಹೋಗದ ಕಡೆ ಅತ್ತೆ ತನ್ನ ಕೌದಿಯ ಸೂಜಿ ಹಾಕಿ ಕಾಳು ಎಬ್ಬಿಸಿದಳು. ಊಟಕ್ಕೆ ಏಳುತ್ತಿರಲಿಲ್ಲ. ಅಧಿಕಾರಿ ಭೂತಗನ್ನಡಿಯಲ್ಲಿ ನೋಡಿ ಪಾಸು ಮಾಡಿದ ಮೇಲೂ ಇನ್ನೊಮ್ಮೆ ನೋಡ್ರಿ ಅನ್ನುತ್ತಿದ್ದಳು.

ಹೊರಡುವ ದಿನ ಅವರು ಸಾಹೇಬರಿಗೆ ಒಂದು ಪತ್ರ ಬರೆದು ಕೊಟ್ಟರು. ಅನುಮತಿ ರದ್ದು ಮಾಡುವುದಿಲ್ಲ, ಆದರೆ ಮಾಡಿದವರು ಯಾರು ಅಂತ ಬರೆದು ಕೊಡಬೇಕು, ಅವರನ್ನು ಕೆಲಸದಿಂದ ದೂರ ಇಡಬೇಕು. ಬರೆಯುವವಳು ನಾನೇ ತಾನೆ. ಸಾಹೇಬರು ಕಾಗದ ಕೊಟ್ಟು, "ನಡದದ್ದು ನಡದಂಗ ಬರಿ," ಎಂದರು.

ನಾನು ಬರೆದೆ. ಅಕ್ಕಿ ತರಿಸಿದ್ದು ಅತ್ತೆ, ಹಾಕಿಸಿದ್ದು ಅತ್ತೆ, ಕಟ್ಟಿದ್ದು ಅತ್ತೆ, ಚೀಟಿಗೆ ಸಹಿ ಮಾಡಿದವಳಿಗೆ ಏನೂ ತಿಳಿದಿರಲಿಲ್ಲ. ನಾಲ್ಕು ಸಾಲು. ಕೆಲಸ ಹೋದರೆ ಮತ್ತೆ ಮಾದನಹಿಪ್ಪರಗಾದ ಮನೆಯಲ್ಲಿ ಕೂಡಬೇಕಲ್ಲ ಎಂಬ ಹೆದರಿಕೆ ನನ್ನ ಕೈ ಹಿಡಿದು ಬರೆಸಿತು ಅಂತ ಈಗ ಹೇಳಬಹುದು. ಆದರೆ ಕೈ ನನ್ನದೇ.

"ಏನ್ ಬರದೀಬೇ?" ಎಂದಳು ಅತ್ತೆ.

"ನಡದದ್ದು ಬರದೀನಿ."

ಆಕೆ ಹೆಬ್ಬೆರಳು ಮುಂದೆ ಮಾಡಿದಳು. ಶಾಯಿ ಹಚ್ಚಿ ಒತ್ತಿಸಿದೆ. ಮರುದಿನ ಆಕೆ ಹಿರೋಳ್ಳಿಯ ಬಸ್ಸು ಹತ್ತಿ ಹೋದಳು.

ಎರಡನೆಯ ಆರ್ಡರು ಅತ್ತೆಯಿಲ್ಲದೆ ನಾವು ಕಟ್ಟಿದೆವು. ಅದೇ ಅಧಿಕಾರಿಗಳು ಬಂದು ಅರ್ಧ ಜಾರುತ್ತಿವೆ, ಅರ್ಧ ಕೊಯ್ಯುತ್ತಿವೆ ಎಂದು ಎಲ್ಲವನ್ನೂ ಪಕ್ಕಕ್ಕೆ ತಳ್ಳಿದರು. ಇನ್ನೊಂದು ಸಲ ಹೀಗಾದರೆ ಆರ್ಡರು ಬೇರೆ ಕಡೆ ಹೋಗುತ್ತದೆ ಎಂದರು. ಸಾಹೇಬರ ಮುಖ ಸುಣ್ಣದ ಗೋಡೆಯಾಯಿತು.

"ಮೊದಲ ಸಲ ಕಟ್ಟಿದ ಕೈ ಎಲ್ಲಿ?" ಎಂದರು ಅಧಿಕಾರಿಗಳು.

"ನೀವೇ ಹೊರಗ ಹಾಕಿಸೀರಲ್ರಿ."

ಅಧಿಕಾರಿಗಳು ಚಹಾ ಮುಗಿಯುವವರೆಗೆ ಯೋಚನೆ ಮಾಡಿದರು. ಆಮೇಲೆ ತಮ್ಮದೇ ಪತ್ರ ತೆಗೆದು ಓದಿಕೊಂಡರು. ಕೆಲಸದಿಂದ ಅಂದರೆ ಪ್ಯಾಕಿಂಗ್ ಕೆಲಸದಿಂದ ಅಂತ ನನ್ನ ಅಭಿಪ್ರಾಯವಾಗಿತ್ತು, ನೀವು ಸರಿಯಾಗಿ ಓದಿಲ್ಲ ಎಂದು ಸಾಹೇಬರ ಮೇಲೆಯೇ ರೇಗಿ, ಪೆನ್ನಿನಿಂದ ಒಂದು ಪದ ಸೇರಿಸಿದರು. ಸಾಹೇಬರು ಅದೇ ಮಧ್ಯಾಹ್ನ ಫೈಲು ಹಿಡಿದು ಹಿರೋಳ್ಳಿಗೆ ಹೋದರು, ಒಬ್ಬರೇ ತಿರುಗಿ ಬಂದರು.

"ನೀನೇ ಬರಬೇಕಂತ," ಎಂದು ಫೈಲಿನಿಂದ ಹೆಬ್ಬೆಟ್ಟಿನ ಆ ಕಾಗದ ತೆಗೆದು ನನ್ನ ಕೈಯಲ್ಲಿಟ್ಟರು. "ಇದನ್ನ ತಗೊಂಡು." ನನ್ನ ಮುಖ ನೋಡಲಿಲ್ಲ.

ಅತ್ತೆ ಅಂಗಳದಲ್ಲಿ ಕೌದಿ ಹರವಿಕೊಂಡು ಕೂತಿದ್ದಳು. ನೀರು ಕೊಟ್ಟಳು. ಶೇಂಗಾ ಹುರಿದು ತಂದಿಟ್ಟಳು. ಅಪ್ಪನ ಮಂಡಿ ನೋವು ವಿಚಾರಿಸಿದಳು. ನಾನು ಕಾಳು ಕೈಯಲ್ಲೇ ಹಿಡಿದು ಕೂತೆ.

"ಅತ್ತಿ, ನೀ ಬರದಿದ್ರ ಕಂಪನಿ ಮುಚ್ಚತದ."

"ಗೊತ್ತದ. ಆ ಕಾಗದ ಓದು. ನಾ ಏನಕ್ಕ ಬಟ್ಟು ಒತ್ತೀನಿ ಅಂತ ಕೇಳಬೇಕಾಗ್ಯದ."

ಕಾಗದ ಬಿಚ್ಚಿದೆ. ಆಕೆಗೆ ಓದಲು ಬರುವುದಿಲ್ಲ. ನಾನು ಏನು ಓದಿದರೂ ಆಕೆಯ ಪಾಲಿಗೆ ಅದೇ ಬರೆದದ್ದಾಗುತ್ತಿತ್ತು. ಗಂಟು ನಾನು ಹಾಕಿದೆ ಅಂತ ಓದಬಹುದಿತ್ತು, ಇಬ್ಬರದೂ ತಪ್ಪು ಅಂತ ಓದಬಹುದಿತ್ತು. ಎರಡೂ ಬಾಯಿಗೆ ಬಂದವು. ಆಕೆ ಸೂಜಿಯಿಂದ ಕಣ್ಣೆತ್ತದೆ ಕಾಯುತ್ತಿದ್ದಳು. ನಾನು ಬರೆದದ್ದನ್ನು ಬರೆದ ಹಾಗೆಯೇ ಓದಿದೆ. ಕಟ್ಟಿದ್ದು ಅತ್ತೆ ಎಂಬಲ್ಲಿ ತಡವರಿಸಿ, ಮತ್ತೆ ಮೊದಲಿನಿಂದ ಓದಿದೆ. ನಾಚಿಕೆಯಿಂದ ಅಳು ಬಂತು.

ಅತ್ತೆ ಹೊಲಿಗೆ ಮುಗಿಸಿ ದಾರ ಹರಿದಳು.

"ಮೊನ್ನೆ ಬಂದಾಗ ಸಾಹೇಬ್ರಿಗೆ ಹೇಳಿ ಓದಿಸೀನಿ. ಅದರಾಗ ಏನದ ಅಂತ ನನಗ ಗೊತ್ತಿತ್ತು," ಎಂದಳು. "ನೀ ಹ್ಯಾಂಗ ಓದ್ತಿ ಅನ್ನೂದು ಗೊತ್ತಿದ್ದಿಲ್ಲ. ಬ್ಯಾರೆ ಓದಿದ್ರ ನಾ ಬರ್ತಿದ್ದಿಲ್ಲ."

ಕೌದಿ ಮಡಚಿಟ್ಟು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.